ನಾನು ಕೊಟ್ಟ ಅನ್ನಭೇದಿ

ಹೋದ ತಿಂಗಳು ಶಹಾಪುರದ ನಮ್ಮ ಮನೆಯ ಕುಂಡದಲ್ಲಿದ್ದ ಗುಲಾಬಿ ಗಿಡದ ಎಲೆಗಳು ಹಳದಿ ತಿರುಗಿದವು. ನರಗಳಷ್ಟೇ ಹಸಿರು, ಉಳಿದದ್ದೆಲ್ಲ ಅರಿಶಿಣ. ಗೊಬ್ಬರದ ಅಂಗಡಿಯವನಿಗೆ ಒಂದು ಎಲೆ ತೋರಿಸಿದೆ. ಅವನು ಎರಡನೇ ಮಾತಿಲ್ಲದೆ ಒಂದು ಪೊಟ್ಟಣ ಕೈಗಿಟ್ಟ. ಮನೆಗೆ ಬಂದು ಬಿಚ್ಚಿದೆ. ತಿಳಿಹಸಿರು ಹರಳು, ಹಸಿ ಕಬ್ಬಿಣದ ವಾಸನೆ. ಅನ್ನಭೇದಿ.

ನಾನು ವಿಜ್ಞಾನದ ಟೀಚರಾಗಿದ್ದವಳು. ಇಷ್ಟು ವರ್ಷ ಅದನ್ನು ಎಷ್ಟು ಸಲ ಮುಟ್ಟಿದ್ದೇನೋ ಲೆಕ್ಕವಿಲ್ಲ. ಆದರೆ ನಿವೃತ್ತಿಯಾದ ಮೇಲೆ ಮುಟ್ಟಿರಲಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪೊಟ್ಟಣವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಬಿಟ್ಟೆ. ಪತ್ತಾರ ಕಾಕಾ ನೆನಪಾದರು. ನೆನಪಾದರು ಅನ್ನುವುದೂ ಸುಳ್ಳು... ಅವರನ್ನು ಮರೆತದ್ದು ಯಾವಾಗ?

ಕಾಲುವೆ ನೀರು ಬಂದು ಆಗಿನ್ನೂ ನಾಲ್ಕೈದು ವರ್ಷ. ಕಕ್ಕೇರಾದ ಆಚೆ, ಕಾಲುವೆ ದಂಡೆಗೆ ಹತ್ತಿದ ಒಂದು ಊರಿನ ಹೈಸ್ಕೂಲಿಗೆ ನನ್ನನ್ನು ಹಾಕಿದ್ದರು. ಊರಿನ ಹೆಸರು ಬೇಡ. ಕಲಬುರ್ಗಿಯಲ್ಲಿ ಓದು ಮುಗಿಸಿ ಬಂದವಳು, ಮೊದಲನೇ ನೌಕರಿ, ಇಪ್ಪತ್ತನಾಲ್ಕರ ವಯಸ್ಸು. ಬಂಗಾರದ ಕೆಲಸ ಮಾಡುವ ಪತ್ತಾರರ ಮನೆಯ ಪಕ್ಕದ ಖೋಲಿ ಬಾಡಿಗೆಗೆ ಸಿಕ್ಕಿತು. ಎರಡೂ ಮನೆಗೆ ಒಂದೇ ಅಂಗಳ. ಅವರಿಗೆ ಮಕ್ಕಳಿರಲಿಲ್ಲ. ಗಂಡನನ್ನು ನಾನು ಕಾಕಾ ಎಂದೆ, ಹೆಂಡತಿಯನ್ನು ಕಾಕು ಎಂದೆ. ಅವರಿಬ್ಬರೂ ನನ್ನನ್ನು ಊರಿನವರ ಹಾಗೆಯೇ ಅಕ್ಕೋರು ಎನ್ನುತ್ತಿದ್ದರು. ಟೀಚರಮ್ಮ ಅಂದರೆ ಆ ಕಡೆ ಅಕ್ಕೋರೇ.

ಕಾಕಾ ಮಾತು ಕಡಿಮೆಯ ಮನುಷ್ಯ. ಮುಂಜಾನೆ ಕುಲುಮೆ ಹೊತ್ತಿಸಿ ಕೂತರೆಂದರೆ ಊದುಕೊಳವೆಯ ಉಸಿರು, ಸಣ್ಣ ಸುತ್ತಿಗೆಯ ಸದ್ದು, ಇಷ್ಟೇ. ಅವರಿಗೆ ನನ್ನ ಓದಿನ ಮೇಲೆ ವಿಪರೀತ ಗೌರವ. ನಾನು ಬೋರ್ಡಿನ ಮೇಲೆ ಬರೆಯುವ ಪಾಠವನ್ನು ಅವರು ಕೈಯಿಂದ ಮಾಡುತ್ತಿದ್ದರು. ಆದರೂ ನನ್ನ ಪಾಠವೇ ದೊಡ್ಡದೆಂದು ನಂಬಿದ್ದರು. ಒಂದು ಸಲ ಕೇಳಿದ್ದರು, "ಬೆಳ್ಳಿ ಕರ್ರಗ ಯಾಕ ಆಗ್ತದ್ರಿ ಅಕ್ಕೋರ?" ನಾನು ಗಂಧಕ, ಗಾಳಿ ಎಂದೆಲ್ಲ ಹೇಳಿದೆ. ಅವರು ಕೈಕೆಲಸ ಬಿಟ್ಟು ಕೇಳಿದರು. ಮುಗಿದ ಮೇಲೆ ಹೆಂಡತಿಗೆ ಅಂದರು, "ನೋಡು, ಇಷ್ಟ ವರ್ಷ ತಿಕ್ಕೇನಿ, ಯಾಕಂತ ಗೊತ್ತಿದ್ದಿಲ್ಲ." ನನಗೆ ಆವತ್ತು ಎಷ್ಟು ಹೆಮ್ಮೆಯಾಗಿತ್ತು...

ಆ ವರ್ಷ ಊರಿನ ಒಬ್ಬ ವಿಧವೆ ತಾಯಿ ತನ್ನ ಮಗಳ ಮದುವೆಗೆ ಬಂಗಾರ ತಂದು ಕೊಟ್ಟಳು. ಅತ್ತೆಯ ಕಾಲದ ಕೊರಳಿನ ಬೋರಮಾಳ, ಕಿವಿಯ ಬುಗುಡಿ, ಕೈಯ ಸವೆದ ಪಾಟಲಿ. ಕಾಲುವೆ ಕೆಳಗೆ ಎರಡೆಕರೆ ಇಟ್ಟುಕೊಂಡು ಒಬ್ಬಳೇ ದುಡಿದು ಮಗಳನ್ನು ಬೆಳೆಸಿದವಳು. ಗಂಡ ಸತ್ತಾಗಲೂ ಆ ಗಂಟು ಬಿಚ್ಚಿರಲಿಲ್ಲ. ಅದನ್ನೆಲ್ಲ ಕರಗಿಸಿ ಹೊಸದಾಗಿ ಒಂದು ಬೋರಮಾಳ, ಕೈಗೆ ಎರಡು ಬಿಲ್ವಾರ ಮಾಡಬೇಕು. ಮದುವೆಗೆ ಹನ್ನೆರಡು ದಿನ ಉಳಿದಿತ್ತು.

ಕಾಕಾ ಕರಗಿಸಿದರು. ತಟ್ಟಲು ಹೋದರೆ ಬಂಗಾರ ಸೀಳಿತು. ಹಳೇ ಒಡವೆಗೆ ಯಾರ್ಯಾರೋ ಎಷ್ಟೋ ಸಲ ಬೆಸುಗೆ ಹಾಕಿದ್ದರು, ತಾಮ್ರ, ಸೀಸ ಎಲ್ಲ ಬೆರೆತಿತ್ತು. ಹೀಗಾದಾಗ ಅವರು ಯಾದಗಿರಿಗೆ ಕಳಿಸಿ ಶುದ್ಧ ಮಾಡಿಸಿ ತರುತ್ತಿದ್ದರು. ಈ ಸಲ ಅಷ್ಟು ದಿನವಿರಲಿಲ್ಲ. ಹರೆಯದಲ್ಲಿ ತಮ್ಮ ಉಸ್ತಾದರ ಹತ್ತಿರ ಕಲಿತದ್ದಿತ್ತು, ತಾವೇ ಮಾಡಲು ಕೂತರು. ತೇಜಾಬು ಎಂದು ಅವರು ಕರೆಯುವ ಎರಡು ಬಗೆಯ ಆಮ್ಲ ಬೆರೆಸಿ, ಪಿಂಗಾಣಿ ಬೋಗುಣಿಯಲ್ಲಿ ಬಂಗಾರದ ಚೂರು ಹಾಕಿದರು. ಅಂಗಳದ ತುಂಬ ಕೆಂಪು ಹೊಗೆ. ನಾನು ಮೂಗಿಗೆ ಸೆರಗು ಹಿಡಿದು ದೂರ ನಿಂತು ನೋಡಿದೆ. ಬಂಗಾರ ಕರಗಿ ನೀರಾಯಿತು. ಬೆಳ್ಳಿ ಬಿಳಿ ಕಸದ ಹಾಗೆ ತಳಕ್ಕೆ ಕೂತಿತು. ನೀರನ್ನು ಕಾಯಿಸಿ ಹೊಗೆ ಕಳೆದು, ಸೋಸಿ ತೆಗೆದಾಗ ಅದು ಕುಸುಬಿ ಹೂವಿನ ಬಣ್ಣಕ್ಕೆ ಬಂದಿತ್ತು.

"ಈಗ ಅನ್ನಭೇದಿ ಹಾಕಿದ್ರ ಬಂಗಾರ ಕೆಳಗ ಬೀಳ್ತದ," ಎಂದರು.

ಅದು ನನಗೂ ಗೊತ್ತಿದ್ದ ಸಂಗತಿ. ಅನ್ನಭೇದಿಯನ್ನು ನಾವು ಪಾಠದಲ್ಲಿ ಫೆರಸ್ ಸಲ್ಫೇಟ್ ಎನ್ನುತ್ತೇವೆ, ಅಪಕರ್ಷಣಕಾರಿ ಎಂದು ಹೇಳಿಕೊಡುತ್ತೇವೆ. ನೀರಿನಲ್ಲಿ ಕರಗಿ ಕಾಣೆಯಾದ ಬಂಗಾರಕ್ಕೆ ಅದು ತನ್ನೊಳಗಿನ ಎಲೆಕ್ಟ್ರಾನನ್ನು ಕೊಡುತ್ತದೆ. ಬಂಗಾರ ಮತ್ತೆ ಬಂಗಾರವಾಗಿ ಕಂದು ಪುಡಿಯ ರೂಪದಲ್ಲಿ ತಳಕ್ಕೆ ಇಳಿಯುತ್ತದೆ. ಅದನ್ನು ತೊಳೆದು ಬಿಳಿಗಾರ ಹಾಕಿ ಕರಗಿಸಿದರೆ ಹೊಳಪು ಬರುತ್ತದೆ. ಅನ್ನಭೇದಿಗೆ ಇದೊಂದೇ ಕೆಲಸವಲ್ಲ. ಹಿಂದಿನವರು ಅಳಲೆಕಾಯಿ ಕಷಾಯಕ್ಕೆ ಹಾಕಿ ಕರೀ ಶಾಯಿ ಮಾಡುತ್ತಿದ್ದರು. ರಕ್ತ ಕಡಿಮೆ ಇರುವ ಬಸುರಿಯರ ಗುಳಿಗೆಯಲ್ಲೂ ಅದೇ ಇರುತ್ತದೆ. ಎರಿ ಅಂದರೆ ಕಪ್ಪು ಮಣ್ಣಿನ ಭೂಮಿಯಲ್ಲಿ ಭತ್ತದ ಸಸಿ ಹಳದಿಯಾದರೆ ಸಿಂಪಡಿಸುವುದೂ ಅದನ್ನೇ.

ಯಾವ ಅಂಗಡಿಯಲ್ಲೂ ಸಿಗುವ ಮಾಲೆಂದು ಕಾಕಾ ಅದನ್ನು ಮೊದಲೇ ತಂದಿಟ್ಟುಕೊಂಡಿರಲಿಲ್ಲ. ಆ ಕೊನೆಯ ಕೆಲಸವೇ ಆವತ್ತು ಮುಳುವಾಯಿತು. ಜೋಳ, ಸಜ್ಜೆ ಬೆಳೆದವರೆಲ್ಲ ಕಾಲುವೆ ಬಂದ ಮೇಲೆ ಭತ್ತಕ್ಕೆ ತಿರುಗಿದ್ದರು. ಅದು ಸಸಿ ಹಾಕಿದ ಹಂಗಾಮು, ಎಲ್ಲರ ಸಸಿಮಡಿಯೂ ಹಳದಿ. ಹುಣಸಗಿಯಲ್ಲಿ, ಸುರಪುರದಲ್ಲಿ ಇದ್ದಬದ್ದ ಅನ್ನಭೇದಿಯೆಲ್ಲ ಹೊಲಕ್ಕೆ ಹೋಗಿತ್ತು. ಕಾಕಾ ಇಡೀ ದಿನ ಬಸ್ಸು ಹತ್ತಿ ಇಳಿದು ಬರಿಗೈಯಲ್ಲಿ ವಾಪಸು ಬಂದರು. ರಾಯಚೂರಿನಿಂದ ಮಾಲು ಬರಲು ಇನ್ನೂ ಒಂದು ವಾರ ಎಂದಿದ್ದರಂತೆ. ನನ್ನ ಬಾಗಿಲಿಗೆ ಬಂದು ಕೇಳಿದರು:

"ಅಕ್ಕೋರ, ನಿಮ್ಮ ಸಾಲ್ಯಾಗ ಏನರ ಇಟ್ಟೀರೇನ್ರಿ ಅನ್ನಭೇದಿ?"

ಇತ್ತು. ಮರುದಿನ ಶಾಲೆಯ ಸ್ಟೋರ್ ರೂಮು ತೆಗೆದೆ. ಕಾಲುವೆಯ ತೇವಕ್ಕೆ ಆ ಕೋಣೆಯ ಗೋಡೆ ವರ್ಷವಿಡೀ ಜಿನುಗುತ್ತಿತ್ತು. ಬಾಟಲಿಯ ಬಿರಡೆ ಕೊಳೆತಿತ್ತು. ಹರಳಿನ ಮೇಲೆ ಇಟ್ಟಂಗಿ ಬಣ್ಣದ ಗಟ್ಟಿ ಪದರ. ಚಮಚದಿಂದ ಅದನ್ನು ಒಡೆದು ಕೆಳಗಿನದ್ದರಲ್ಲಿ ಮುಕ್ಕಾಲು ಭಾಗ ಕಾಗದದಲ್ಲಿ ಸುರಿದೆ. ಅದೂ ಹಸಿರಾಗಿರಲಿಲ್ಲ. ಹಳದಿ, ಕಂದು, ನಡುನಡುವೆ ಎಲ್ಲೋ ಹಸಿರಿನ ಛಾಯೆ ಮಾತ್ರ. ನನ್ನ ಪ್ರಯೋಗಶಾಲೆಯ ಒಂದು ಬಾಟಲಿಯಿಂದ ಊರಿಗೊಂದು ಉಪಕಾರವಾಗುತ್ತಿದೆ ಎಂಬ ಸಂಭ್ರಮ ನನಗೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಓಡಿ ಬಂದು ಕೊಟ್ಟೆ.

ಕಾಕಾ ಅಂಗೈ ಮೇಲೆ ಹಾಕಿಕೊಂಡು ಬೆಳಕಿಗೆ ಹಿಡಿದರು. "ಹಸರು ಕಡಿಮಿ ಐತಲ್ರಿ ಅಕ್ಕೋರ?"

"ಮ್ಯಾಲಿನ ತುಕ್ಕು ಅಷ್ಟ ಕಾಕಾ. ಒಳಗ ಛಲೋ ಐತಿ," ಎಂದೆ.

ಅವರು ಅದನ್ನು ಹಾಗೇ ಕಾಗದದಲ್ಲಿ ಮಡಚಿಕೊಂಡು ಬೋಗುಣಿಯ ಕಡೆ ಹೋದರು.

ಸಂಜೆ ಶಾಲೆಯಿಂದ ಬಂದಾಗ ಗಂಡ ಹೆಂಡತಿ ಇಬ್ಬರೂ ಬೋಗುಣಿಯ ಮುಂದೆ ಕೂತಿದ್ದರು. ನೀರು ಸ್ವಲ್ಪ ಗಾಢವಾಗಿತ್ತು. ತಳದಲ್ಲಿ ಏನೂ ಇರಲಿಲ್ಲ. ಅನ್ನಭೇದಿ ಬಿದ್ದ ಸ್ವಲ್ಪ ಹೊತ್ತಿಗೇ ಮೋಡ ಕವಿದ ಹಾಗೆ ಕಂದು ಪುಡಿ ಇಳಿಯಬೇಕು ಎಂದು ಕಾಕಾ ಮೆಲ್ಲಗೆ ಹೇಳಿದರು. ಮರುದಿನ ಮುಂಜಾನೆ ಉಳಿದದ್ದನ್ನೂ ಹಾಕಿದರು. ಬಿಸಿ ಮಾಡಿದರು, ಗಾಜಿನ ಕಡ್ಡಿಯಿಂದ ತಿರುವಿದರು, ಕಾದರು. ಮಧ್ಯಾಹ್ನವಾಯಿತು. ಕಾಕು ಒಲೆ ಹಚ್ಚಿರಲಿಲ್ಲ. "ಬೀಳವಲ್ದು... ಯಾಕ ಬೀಳವಲ್ದು..." ಎಂದು ಕಾಕಾ ತಮ್ಮಷ್ಟಕ್ಕೆ ತಾವೇ ಅನ್ನುತ್ತಿದ್ದರು. ಅವರ ಅಂಗಿ ಬೆನ್ನಿಗೆ ಅಂಟಿತ್ತು.

ಅಷ್ಟರಲ್ಲಿ ಹುಡುಗಿಯ ತಾಯಿ ಬಂದಳು. ಬಂಗಾರ ಶುದ್ಧವಾಯಿತೇ ನೋಡಿ ಹೋಗೋಣವೆಂದು ಬಂದವಳು. ಕಾಕಾ ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವಳಿಗೆ ಏನೂ ತಿಳಿಯಲಿಲ್ಲ. ಗಟ್ಟಿ ಒಡವೆ ಕೊಟ್ಟವಳಿಗೆ ಬೋಗುಣಿಯಲ್ಲಿ ಹಳದಿ ನೀರು ತೋರಿಸಿ ನಿಮ್ಮ ಬಂಗಾರ ಇದರೊಳಗೆ ಇದೆ ಎಂದರೆ ಯಾರು ನಂಬುತ್ತಾರೆ? ಮೊದಲು ಬಗ್ಗಿ ಬೋಗುಣಿಯೊಳಗೆ ಇಣುಕಿದಳು. ಆಮೇಲೆ ನೆಲಕ್ಕೆ ಕುಸಿದು ಬಾಯಿ ಬಾಯಿ ಬಡಿದುಕೊಂಡಳು. "ನನ್ನ ಮಗಳ ಬಾಳುವಿ ನುಂಗಿದ್ಯಲ್ಲೋ ಪತ್ತಾರ!" ಓಣಿಗೆ ಓಣಿಯೇ ಬಂದು ಅಂಗಳದಲ್ಲಿ ನಿಂತಿತು.

ಮರುದಿನ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಸೇರಿದರು. ಬೋಗುಣಿಯನ್ನು ಕಾಕಾ ಎರಡೂ ಕೈಯಲ್ಲಿ ಹಿಡಿದು ತಂದು ಕಟ್ಟೆಯ ಮೇಲಿಟ್ಟರು. ನನ್ನನ್ನು ಕರೆಸಿದರು. ಶಾಲೆಯಿಂದ ಗಾಜಿನ ನಳಿಗೆ, ಬಾಟಲಿಯಲ್ಲಿ ಉಳಿದ ಅನ್ನಭೇದಿ ತೆಗೆದುಕೊಂಡು ಬರಲು ಹೇಳಿದ್ದರು. ಅಷ್ಟು ಜನರ ಮುಂದೆ ನಾನು ಹಿಂದೆಂದೂ ನಿಂತಿರಲಿಲ್ಲ.

"ಅಕ್ಕೋರ, ಊರಾಗ ಇದನ್ನ ಓದಿದವರು ನೀವೊಬ್ಬರ," ಎಂದರು ಹಿರಿಯರು. "ಈ ನೀರಾಗ ಬಂಗಾರ ಐತೋ ಇಲ್ಲೋ, ನೋಡಿ ಹೇಳ್ರಿ."

ನಳಿಗೆಯಲ್ಲಿ ಒಂದಿಷ್ಟು ನೀರು ತೆಗೆದುಕೊಂಡೆ. ಅದೇ ಬಾಟಲಿಯ ಅನ್ನಭೇದಿ ಹಾಕಿದೆ. ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದರು. ಏನೂ ಬೀಳಲಿಲ್ಲ. ಅಲುಗಾಡಿಸಿದೆ. ಬೀಳಲಿಲ್ಲ.

"ಇಲ್ಲ," ಎಂದೆ.

ಕಾಕಾ ನನ್ನ ಕಡೆ ತಿರುಗಿದರು. "ಅಕ್ಕೋರ, ಬಣ್ಣ ನೋಡ್ರಿ. ಹಳದಿ ಐತಿ."

"ಅದು ಅನ್ನಭೇದಿ ಬಣ್ಣನೂ ಇರಬಹುದು ಕಾಕಾ."

ಅವರು ಹಿರಿಯರಿಗೆ ಕೈ ಮುಗಿದರು. "ನಾಕ ದಿನ ತಡೀರಿ ಯಪ್ಪಾ. ರಾಯಚೂರಿಂದ ಹೊಸ ಅನ್ನಭೇದಿ ಬರತೈತಿ. ಅದನ್ನೊಮ್ಮಿ ಹಾಕಿ ನೋಡತೀನಿ. ಈ ನೀರು ಇಲ್ಲೇ ಇರ್ಲಿ, ನೀವ ಇಟ್ಟಕೋರಿ."

ಹಿರಿಯರು ನನ್ನನ್ನೇ ಕೇಳಿದರು. "ಹೊಸಾದು ಹಳೇದು ಫರಕ್ ಆಕ್ಕತೇನ್ರಿ ಅಕ್ಕೋರ?"

ಇಲ್ಲಿ ನಾನು ನಿಲ್ಲಬೇಕಿತ್ತು. ಗೊತ್ತಿಲ್ಲ ಎನ್ನಬೇಕಿತ್ತು. ಆ ಬಾಟಲಿಯ ಕೆಂಪು ಪದರ ಕಣ್ಣ ಮುಂದೆ ಬಂದಿತ್ತು, ಬರಲಿಲ್ಲ ಎಂದು ಹೇಗೆ ಹೇಳಲಿ... ಆದರೆ ನನ್ನ ಶಾಲೆಯ ಮಾಲು ಕೆಟ್ಟಿದೆ ಎಂದು ಇಷ್ಟು ಜನರ ಮುಂದೆ ಒಪ್ಪಿಕೊಳ್ಳುವುದು ಹೇಗೆ? ಒಳಗ ಛಲೋ ಐತಿ ಎಂದು ನಾನೇ ಹೇಳಿದ್ದೆನಲ್ಲ.

"ಅನ್ನಭೇದಿ ಎಲ್ಲಾ ಒಂದ ರೀ," ಎಂದೆ.

ಅಷ್ಟು ಸಾಕಾಯಿತು. ಹುಡುಗಿಯ ತಾಯಿ ಎದ್ದು ಬಂದು, "ಈ ರೊಚ್ಚು ನೀರು ಇಟ್ಟಕೊಂಡು ಪೂಜಿ ಮಾಡ್ಲೇನು?" ಎಂದು ಬೋಗುಣಿಯನ್ನು ಕಾಲಿಂದ ಒದ್ದಳು. ನೀರು ಕಟ್ಟೆಯಿಂದ ಇಳಿದು ಗಟಾರಕ್ಕೆ ಹರಿಯಿತು. ಕಾಕಾ ಮುಂದೆ ಬಿದ್ದು ಅಂಗೈಯಿಂದ ತಡೆಯಲು ಹೋದರು. ಬೆರಳ ಸಂದಿಯಿಂದ ಸೋರಿಹೋಯಿತು. ಅವರ ಕೈ ಹಳದಿಯಾಗಿ ಹಾಗೇ ಉಳಿಯಿತು, ಆ ಕಲೆ ಕರ್ರಗಾಗಿ ಎಷ್ಟೋ ದಿನ ಹೋಗಲಿಲ್ಲ.

ಹಿರಿಯರು ಹೆಚ್ಚು ಹೇಳುವ ಪ್ರಸಂಗವೇ ಬರಲಿಲ್ಲ. ಕಾಕು ಅಲ್ಲೇ ನಿಂತು ತನ್ನ ಕೊರಳಿನ ಬೋರಮಾಳ, ಗುಳದಾಳಿ, ಕೈಯ ಬಳೆ ಒಂದೊಂದಾಗಿ ತೆಗೆದು ಆ ತಾಯಿಯ ಉಡಿಯಲ್ಲಿ ಹಾಕಿದಳು. ಕೊರಳಲ್ಲಿ ಅರಿಶಿಣದ ದಾರ ಮಾತ್ರ ಉಳಿಯಿತು. ಹಿರಿಯರ ಹೊಣೆಯ ಮೇಲೆ ಕಾಕಾ ಆ ಬಂಗಾರವನ್ನು ಮತ್ತೆ ಮನೆಗೆ ತಂದು ನಾಲ್ಕು ದಿನ ತಲೆ ಎತ್ತದೆ ಕೆಲಸ ಮಾಡಿದರು. ಹೆಂಡತಿಯ ಒಡವೆ ಕರಗಿಸಿ ಬೇರೆಯವರ ಮಗಳಿಗೆ ಬೋರಮಾಳ ಕಟ್ಟಿದರು. ಆ ಸುತ್ತಿಗೆಯ ಸದ್ದು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು. ಅಂಗಳದಲ್ಲಿ ಎದುರಾದಾಗ, "ಊಟಾತೇನ್ರಿ ಅಕ್ಕೋರ?" ಎಂದು ಎಂದಿನಂತೆಯೇ ಕೇಳಿದರು.

ಮದುವೆ ಆಯಿತು. ಆದರೆ ಊರಿಗೆ ಒಂದು ಹೊಸ ಮಾತು ಸಿಕ್ಕಿತ್ತು: ಪತ್ತಾರ ಬಂಗಾರ ಕದ್ದು ಬಣ್ಣದ ನೀರು ತೋರಿಸಿದ. ಮೂಗುತಿ ಬೆಸೆಯಲೂ ಯಾರೂ ಬರಲಿಲ್ಲ. ಒಂದು ತಿಂಗಳು ಕಾದು, ಕುಲುಮೆಯ ಸಾಮಾನು ಚೀಲಕ್ಕೆ ತುಂಬಿ, ಕಾಕುವಿನ ತವರು ವಡಗೇರಾದ ಬಸ್ಸು ಹತ್ತಿ ಹೋದರು. ನಾನು ಶಾಲೆಯಲ್ಲಿದ್ದೆ. ಬರುವಷ್ಟರಲ್ಲಿ ಬಾಗಿಲಿಗೆ ಕೀಲಿ ಬಿದ್ದಿತ್ತು.

ಐದು ತಿಂಗಳಾದ ಮೇಲೆ ಹತ್ತನೇ ತರಗತಿಯಲ್ಲಿ ಉತ್ಕರ್ಷಣ, ಅಪಕರ್ಷಣದ ಪಾಠ ಬಂತು. ಪರಮಾಂಗನೇಟಿನ ನೇರಳೆ ನೀರಿಗೆ ಒಂದು ಹನಿ ಆಮ್ಲ ಬಿಟ್ಟು ಅನ್ನಭೇದಿಯ ನೀರು ಹಾಕಿದರೆ ನೇರಳೆ ಬಣ್ಣ ಮಾಯವಾಗಬೇಕು. ಮಕ್ಕಳಿಗೆ ಅದು ಜಾದೂ ಇದ್ದ ಹಾಗೆ. ಈಗ ನೋಡ್ರಿ ಎಂದು ಅದೇ ಹಳೇ ಬಾಟಲಿಯದನ್ನು ಕರಗಿಸಿ ಹಾಕಿದೆ. ಬಣ್ಣ ಹೋಗಲಿಲ್ಲ. ಮತ್ತಷ್ಟು ಹಾಕಿದೆ. ಹೋಗಲಿಲ್ಲ. ಮಕ್ಕಳು ನಕ್ಕರು, ನಾನೂ ನಕ್ಕೆ. ಕಲಬುರ್ಗಿಯಿಂದ ಅದೇ ವಾರ ಹೊಸ ಸಾಮಾನು ಬಂದಿತ್ತು. ಪೆಟ್ಟಿಗೆ ಒಡೆದು ಹೊಸ ಬಾಟಲಿಯಿಂದ ನಾಲ್ಕು ಹಸಿರು ಹರಳು ಕರಗಿಸಿ ಹಾಕಿದೆ. ನೇರಳೆ ನೀರು ನೋಡನೋಡುತ್ತಲೇ ತಿಳಿಯಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ನಾನು ಹಳೇ ಬಾಟಲಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ.

ಆರ್ದ್ರ ಗಾಳಿಗೆ ತೆರೆದಿಟ್ಟ ಅನ್ನಭೇದಿ ತುಕ್ಕು ಹಿಡಿಯುತ್ತದೆ. ಬಂಗಾರಕ್ಕೆ ಕೊಡಬೇಕಾದದ್ದನ್ನು ಮೊದಲೇ ಗಾಳಿಗೆ ಕೊಟ್ಟು ಕೂತಿರುತ್ತದೆ. ಆಮೇಲೆ ಎಷ್ಟು ಹಾಕಿದರೂ ಅಷ್ಟೇ. ಇದು ಪುಸ್ತಕದಲ್ಲೇ ಇತ್ತು, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಕಟ್ಟೆಯ ಮೇಲಿದ್ದ ನೀರಿನಲ್ಲಿ ಬಂಗಾರವಿತ್ತು. ಪೂರ್ತಿ ಇತ್ತು. ನಾಲ್ಕು ದಿನ ತಡೆದಿದ್ದರೆ...

ತರಗತಿಯನ್ನು ಹಾಗೇ ಬಿಟ್ಟು ಗುಡಿಯ ಕಟ್ಟೆಗೆ ಓಡಿದೆ. ಮಂಡಿಯೂರಿ ಗಟಾರದ ರಾಡಿಯನ್ನು ಕೈಯಿಂದ ತೋಡಿದೆ. ನಡುವೆ ಎರಡು ಸಲ ಗಟಾರ ಬಳಿದಿದ್ದರು, ಒಂದು ಮಳೆಗಾಲವೇ ಹರಿದು ಹೋಗಿತ್ತು. ನನಗೂ ಅದು ಗೊತ್ತಿತ್ತು. ಆದರೂ ತೋಡಿದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. "ಏನ್ ಕಳಕೊಂಡೀರಿ ಅಕ್ಕೋರ?" ಎಂದು ಯಾರೋ ಕೇಳಿದರು.

ಹಿರಿಯರ ಮನೆಗೆ ಹೋಗಿ ಎಲ್ಲ ಹೇಳಿದೆ. "ಆಗಿದ್ದು ಆಗಿ ಹೋತು. ಸರಕಾರಿ ನೌಕರಿಯವರು, ಸುಮ್ಮನಿರ್ರಿ," ಎಂದರು. ನಾನು ಸುಮ್ಮನಿರಲಿಲ್ಲ. ಶನಿವಾರ ಪೂಜೆಗೆ ಜನ ಸೇರಿದಾಗ ಅದೇ ಕಟ್ಟೆಯ ಹತ್ತಿರ ನಿಂತು, ತಪ್ಪು ನನ್ನದು, ಕಾಕಾ ಕದ್ದಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಕೇಳಿದರು, ಪ್ರಸಾದ ತೆಗೆದುಕೊಂಡು ಹೋದರು. ಕಳ್ಳನೆಂಬ ಸುದ್ದಿ ಹತ್ತು ಹಳ್ಳಿ ಮುಟ್ಟಿತ್ತು. ಕಳ್ಳನಲ್ಲ ಎಂಬುದು ಆ ಕಟ್ಟೆ ದಾಟಲಿಲ್ಲ.

ಒಬ್ಬಳು ಮಾತ್ರ ಹಿಂದೆಯೇ ಬಂದಳು, ಹುಡುಗಿಯ ತಾಯಿ. ನನ್ನ ಖೋಲಿಯ ಹೊಸ್ತಿಲಲ್ಲಿ ಕೂತಳು. ಆಮೇಲೆ ತನ್ನ ಬಲಗಾಲನ್ನೇ ನೋಡುತ್ತಾ, "ಇದರಿಂದನ ಒದ್ದೆನಲ್ರಿ," ಎಂದಳು. ನನ್ನ ಮಾತು ಕೇಳಿ ಅವಳು ಒದ್ದದ್ದು. ಮುಂದಿನ ಭಾನುವಾರ ಮಗಳ ಗಂಡನ ಮನೆಗೆ ಹೋಗಿ, ಅವಳ ಕೊರಳಿನ ಬೋರಮಾಳ ಇಸಿದುಕೊಂಡು ಬಂದಳು. ಇಬ್ಬರೂ ಶಹಾಪುರದಲ್ಲಿ ಬಸ್ಸು ಬದಲಿಸಿ ವಡಗೇರಾಕ್ಕೆ ಹೋದೆವು.

ಕಾಕು ತಮ್ಮನ ಮನೆಯ ಹಿಂದಿನ ಒಂದು ತಗಡಿನ ಖೋಲಿಯಲ್ಲಿ ಇದ್ದಳು. ಒಬ್ಬಳೇ. ನನ್ನನ್ನು ನೋಡಿ, "ಬರ್ರಿ ಅಕ್ಕೋರ," ಎಂದು ಚಾಪೆ ಹಾಸಿದಳು. ಕಾಕಾ ಎಲ್ಲಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಆ ತಾಯಿಯೇ ಕೇಳಿದಳು.

"ಎರಡ ತಿಂಗಳಾತ್ರಿ, ಮನಿ ಬಿಟ್ಟು ಹೋಗ್ಯಾರ," ಎಂದಳು ಕಾಕು. ಇಲ್ಲಿಗೆ ಬಂದ ಮೇಲೆ ಕುಲುಮೆಯ ಚೀಲ ಬಿಚ್ಚಲೇ ಇಲ್ಲವಂತೆ. ಊರಿನ ಪತ್ತಾರರು ಕರೆದರೂ, ನನ್ನ ಕೈ ಬಂಗಾರಕ್ಕೆ ಲಾಯಕ್ಕಿಲ್ಲ ಎಂದು ಹೋಗಲಿಲ್ಲವಂತೆ. ಕಾಲುವೆಯ ಕಾಂಕ್ರೀಟ್ ಕೆಲಸಕ್ಕೆ ಬುಟ್ಟಿ ಹೊರಲು ಹೋದರು. ಒಂದು ದಿನ ಯಾದಗಿರಿಗೆ ಹೋಗಿ ಬರುತ್ತೇನೆ ಎಂದು ಹೊರಟವರು ಸ್ಟೇಷನ್ನಿನಲ್ಲಿ ಕಂಡರು ಎಂದು ಯಾರೋ ಹೇಳಿದರು. ಯಾವ ರೈಲು ಹತ್ತಿದರೋ ಯಾರಿಗೂ ಗೊತ್ತಿಲ್ಲ.

ನಾನು ಆಗ ಹೇಳಿದೆ. ಬಾಟಲಿ, ತುಕ್ಕು, ನೇರಳೆ ನೀರು, ಎಲ್ಲ. ಹೇಳುತ್ತಾ ಕಾಕುವಿನ ಕಾಲು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ಎತ್ತಲೂ ಇಲ್ಲ. ಒಂದೇ ಮಾತು ಅಂದಳು.

"ಕದ್ದಿಲ್ಲಂತ ನನಗ ಗೊತ್ತಿತ್ತು ಅಕ್ಕೋರ. ಖರೇ ಅವ್ರಿಗೇ ತಮ್ಮ ಮ್ಯಾಲ ನಂಬಿಕಿ ಹೋಗಿತ್ತು. ದಿನಾ ಅಂತಿದ್ರು, ಅಕ್ಕೋರು ಓದಿದವರು, ಸುಳ್ಳ ಹೇಳಂಗಿಲ್ಲ. ನಾನ ಎಲ್ಲೋ ಚೆಲ್ಲೇನಿ, ನನ್ನ ಕೈ ತಪ್ಪೇತಿ ಅಂತ."

ತಾಯಿ ಬೋರಮಾಳ ತೆಗೆದು ಕಾಕುವಿನ ಕೈಯಲ್ಲಿಟ್ಟಳು. ಕಾಕು ಗುಂಡುಗಳ ಮೇಲೆ ಬೆರಳಾಡಿಸಿ, ಕಣ್ಣಿಗೆ ಒತ್ತಿಕೊಂಡು ವಾಪಸು ಕೊಟ್ಟಳು. "ಇದನ್ನ ಅವ್ರು ನಿಮ್ಮ ಮಗಳಿಗಂತ ಮಾಡ್ಯಾರ. ಆಕೀನ ಹಾಕ್ಕೊಳ್ಳಿ."

ಆಮೇಲೆ ಎಷ್ಟು ಕಡೆ ಹುಡುಕಿದೆ... ಯಾದಗಿರಿ, ರಾಯಚೂರು, ಹೈದರಾಬಾದಿನ ಸರಾಫ ಬಜಾರದ ಸಂದಿ ಸಂದಿ. ರಜೆ ಬಂದರೆ ಅದೇ ಕೆಲಸ. ಊದುಕೊಳವೆ ಹಿಡಿದು ಬೆನ್ನು ಬಾಗಿಸಿ ಕೂತವರನ್ನು ಕಂಡರೆ ಮುಂದೆ ಹೋಗಿ ಮುಖ ನೋಡುತ್ತಿದ್ದೆ. ಆ ತಾಯಿಯೂ ಎರಡು ಸಲ ನನ್ನ ಜೊತೆ ಬಂದಿದ್ದಳು. ಅವಳು ತೀರಿಹೋಗಿ ಹತ್ತು ವರ್ಷವಾಯಿತು. ಕಾಕು ಮೂರು ವರ್ಷದ ಹಿಂದೆ, ಅದೇ ವಡಗೇರಾದ ಖೋಲಿಯಲ್ಲಿ ತೀರಿಕೊಂಡಳು. ತಮ್ಮನ ಮಕ್ಕಳು ಒಳ್ಳೆಯ ಮನೆ ಕಟ್ಟಿ ಕರೆದರೂ ಬಿಟ್ಟು ಹೋಗಿರಲಿಲ್ಲ. ಬಂದರೆ ಇಲ್ಲಿಗೇ ಬರುತ್ತಾರೆ ಎನ್ನುತ್ತಿದ್ದಳು. ಮಣ್ಣಿಗೆ ನಾನು ಹೋಗಿದ್ದೆ. ಹಣೆಯ ಮೇಲೆ ಕುಂಕುಮ ಇಟ್ಟೇ ಕಳಿಸಿದರು.

ಅವರ ಕೈ ತಪ್ಪಿರಲಿಲ್ಲ ಎಂದು ಅವರಿಗೆ ಹೇಳಬೇಕಾದವಳು ಈಗ ಉಳಿದಿರುವುದು ನಾನೊಬ್ಬಳೇ. ಕಾಕಾ ಇದ್ದಾರೋ ಇಲ್ಲವೋ ನನಗೆ ತಿಳಿಯದು. ಇದ್ದರೆ ತೊಂಬತ್ತರ ಹತ್ತಿರ ಇರಬೇಕು. ಎಲ್ಲೋ ಯಾವುದೋ ಊರಿನಲ್ಲಿ, ತಮ್ಮ ಕೈಯೇ ತಪ್ಪಿತೆಂದು ನಂಬಿಕೊಂಡು ಇದ್ದಾರೆ.